ಗಂಡಸರ ಕಿಸೆ

ಯರಗಟ್ಟಿಯ ಕಾಳಿನ ಪೇಟೆಯಲ್ಲಿ ನಾನು ಎಂಟು ವರ್ಷ ಗಂಡಸಾಗಿದ್ದೆ. ಒಂಬತ್ತನೆಯ ವರ್ಷ, ಕಡಲೆಯ ಸುಗ್ಗಿಯಲ್ಲಿ, ಒಂದು ಮಂಗಳವಾರ ಸಂಜೆ ನನ್ನ ಕಿಸೆ ತಿರುವಿ ತೋರಿಸಿದೆ. ಅಲ್ಲಿಗೆ ಪೇಟೆಯವರು ಕೊಟ್ಟದ್ದನ್ನು ವಾಪಸು ಕಸಿದುಕೊಂಡರು.

ಕೊಟ್ಟದ್ದು ಅಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಯಾರಪ್ಪನ ಮನೆಯಿಂದ ತಂದು ಕೊಟ್ಟಿದ್ದರು? ನಾನು ತಿಳಿವಳಿಕೆ ಬಂದಾಗಿನಿಂದ ಗಂಡಸೇ. ಅದು ನನಗೆ ಗೊತ್ತಿತ್ತು. ನನ್ನ ಮೈಗೆ ಗೊತ್ತಿರಲಿಲ್ಲ. ನಮ್ಮೂರು ಸುರೇಬಾನದ ಜನಕ್ಕಂತೂ ಗೊತ್ತು ಮಾಡಿಕೊಳ್ಳುವ ಮನಸ್ಸೇ ಇರಲಿಲ್ಲ. ಅವರಿಗೆ ನಾನು ಸಾವಿತ್ರೆವ್ವನ ಮಗಳು ಕಲ್ಲವ್ವ. ಎತ್ತು ಹೂಡಿದರೆ ಗಂಡುಬೀರಿ. ಹೆಣ್ಣು ಕೂರಿಗೆ ಹಿಡಿದರೆ ಮಳೆ ಹೋಗುತ್ತದೆಂದು ಒಮ್ಮೆ ಹೊಲದಿಂದಲೇ ಓಡಿಸಿದರು. ಹತ್ತೊಂಬತ್ತಕ್ಕೆ ಮದುವೆ ಗೊತ್ತುಮಾಡಿದರು. ಮದುವೆಗೆ ನಾಲ್ಕು ದಿನ ಇರುವಾಗ ಜಡೆ ಕತ್ತರಿಸಿ ಒಲೆಗೆ ಹಾಕಿದೆ. ಅಣ್ಣ ಸೋಮಪ್ಪನ ಅಂಗಿ, ಪ್ಯಾಂಟು ಹಾಕಿಕೊಂಡು ರಾಮದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಯರಗಟ್ಟಿಗೆ. ಅದು ತೊಂಬತ್ತೆರಡನೆಯ ಇಸವಿ.

ಪೇಟೆಯಲ್ಲಿ ಹಮಾಲರ ಮುಕಾದಮ ಚಮನಸಾಬ. ಹನ್ನೆರಡು ಹಮಾಲರ ಗುಂಪಿಗೆ ಹಿರಿಯ. ನಾವೆಲ್ಲ ಚಮನಕಾಕಾ ಅನ್ನುತ್ತಿದ್ದೆವು.

"ಹೆಸರೇನಪಾ?"

"ಕಲ್ಮೇಶ ರೀ."

"ಚೀಲ ಹೊರತೀಯೇನ?"

"ಹೊರತೇನ್ರಿ."

"ಬಗ್ಗ ಹಂಗಾರ."

ಬಗ್ಗಿದೆ. ಚಮನಕಾಕಾ ಮತ್ತು ಇನ್ನೊಬ್ಬ ಚೀಲದ ಮೂಲೆಯ ಎರಡು ಕಿವಿ ಹಿಡಿದು, ಒಮ್ಮೆ ಜೋಕಾಲಿಯಂತೆ ತೂಗಿ, ನನ್ನ ಬೆನ್ನ ಮೇಲೆ ಹಾಕಿದರು. ಒಂದು ಕ್ವಿಂಟಲ್ ಜೋಳ. ಕಣ್ಣಿಗೆ ಕತ್ತಲೆ ಬಂತು. ಅಂಗಳ ದಾಟಿ ಗೋದಾಮಿನವರೆಗೆ ನಡೆದೆ. "ಹುಡುಗ ಗಟ್ಟಿ ಅದಾನ," ಅಂದರು ಚಮನಕಾಕಾ. ಹುಡುಗ. ಆ ಒಂದು ಮಾತು ಕೇಳಲು ನಾನು ಇನ್ನೂ ಹತ್ತು ಚೀಲ ಹೊರುತ್ತಿದ್ದೆ. ಹೊತ್ತೆ ಕೂಡ.

ಹಮಾಲಿ ಮಾಡದವರಿಗೆ ಒಂದು ಸಂಗತಿ ಗೊತ್ತಿರುವುದಿಲ್ಲ. ನೆಲದ ಮೇಲಿನ ಕ್ವಿಂಟಲ್ ಚೀಲವನ್ನು ಯಾವನೂ ತನ್ನ ಬೆನ್ನಿಗೆ ತಾನೇ ಹಾಕಿಕೊಳ್ಳಲಾರ. ಎಂಥ ಪೈಲವಾನನಾದರೂ ಬಗ್ಗಿ ನಿಲ್ಲಬೇಕು, ಇಬ್ಬರು ಎತ್ತಿ ಹಾಕಬೇಕು. ನನಗೆ ಹೊರಿಸುತ್ತಿದ್ದ ಇಬ್ಬರಲ್ಲಿ ಒಬ್ಬ ಯಾವಾಗಲೂ ವಾಸೀಮ್. ನನ್ನದೇ ವಯಸ್ಸಿನವ. ಎಂಟು ವರ್ಷ ಅವನು ನನಗೆ ಹೊರಿಸಿದ, ನಾನು ಅವನಿಗೆ. ಒಂದೇ ಬೀಡಿ ಸೇದಿದೆವು. ಅವನ ಮದುವೆಯಲ್ಲಿ ಬೆಳಗಾಗುವ ತನಕ ಪಾತ್ರೆ ಹೊತ್ತೆ.

ಆದರೆ ಕೆಲಸ ಮುಗಿದ ಮೇಲೆ ಹನ್ನೊಂದು ಮಂದಿ ನಲ್ಲಿಯ ಕೆಳಗೆ ಚಡ್ಡಿಯ ಮೇಲೆ ಕುಳಿತು ಬೆನ್ನು ತಿಕ್ಕಿಕೊಳ್ಳುವಾಗ ನಾನು ಬೆವರಿನ ಅಂಗಿಯಲ್ಲೇ ಕೋಣೆಗೆ ಹೋಗುತ್ತಿದ್ದೆ. ಸಣ್ಣವನಿದ್ದಾಗ ಎದೆ ಸುಟ್ಟಿದೆ, ತೋರಿಸಲು ನಾಚಿಕೆ ಎಂದು ಹೇಳಿದ್ದೆ. ಎದೆಗೆ ಧೋತರದ ಹಳೆಯ ತುಂಡು ಬಿಗಿದು ಕಟ್ಟುತ್ತಿದ್ದೆ. ಬೇಸಿಗೆಯಲ್ಲಿ ಅದರ ಕೆಳಗೆ ಚರ್ಮ ಕಿತ್ತು ಬರುತ್ತಿತ್ತು. ಹಿಟ್ಟಿನ ಗಿರಣಿಯ ಹಿಂದೆ ನನ್ನ ಕೋಣೆ. ಚಿಲಕ ಹಾಕಿ, ಅದನ್ನು ಬಿಚ್ಚಿ, ಕೊಬ್ಬರಿ ಎಣ್ಣೆ ಸವರಿಕೊಂಡು ಸುಮ್ಮನೆ ಕೂರುತ್ತಿದ್ದೆ. ಒಮ್ಮೆ ಜ್ವರ ಬಂದು ಮೂರು ದಿನ ಬಿದ್ದಿದ್ದೆ. ವಾಸೀಮನ ತಾಯಿ ಜುಬೇದಾಬಿ ಗಂಜಿ ಕಳಿಸಿದ್ದಳು. ವಾಸೀಮ್ ಎದೆಗೆ ಔಷಧ ತಿಕ್ಕುತ್ತೇನೆಂದು ಗುಂಡಿಗೆ ಕೈ ಹಾಕಿದ. ಅವನ ತಾಯಿ ತಂಗಿ ಎಲ್ಲರನ್ನೂ ಹಿಡಿದು ಬೈದೆ. ಅವನು ಪಾತ್ರೆ ಅಲ್ಲೇ ಬಿಟ್ಟು ಹೋದ. ಬಾಗಿಲು ಹಾಕಿಕೊಂಡು ಅತ್ತೆ. ಮೈಮೇಲೆ ಒಂದು ಕೈ ಬೀಳಲಿ ಅಂತ ಎಷ್ಟು ಆಸೆಯಿತ್ತು ಅಂದರೆ, ಹೇಳಲಾರೆ.

ವರ್ಷಕ್ಕೊಮ್ಮೆ ರಾಮದುರ್ಗದ ಬಸ್ ಸ್ಟ್ಯಾಂಡಿಗೆ ಅವ್ವ ಬರುತ್ತಿದ್ದಳು. ಸುರೇಬಾನಕ್ಕೆ ಬರಬೇಡ, ಸೋಮಪ್ಪ ಕಡಿಯುತ್ತಾನೆ ಅನ್ನುತ್ತಿದ್ದಳು. ರೊಟ್ಟಿ, ಶೇಂಗಾ ಹಿಂಡಿ ತರುತ್ತಿದ್ದಳು. ಹೆಂಗಸರ ಬೆಂಚಿನ ಮೇಲೆ ಕೂತು, "ಇಲ್ಲೆ ಕುಂದರವಾ ಕಲ್ಲವ್ವ, ಆ ಕಡೆ ಗಂಡಸರು ಅದಾರ," ಅನ್ನುತ್ತಿದ್ದಳು. ಒಂದು ಸಲ ಹಾಗೆ ಕೂತಿದ್ದಾಗ ಒಬ್ಬ ಕಂಡಕ್ಟರ್ ಬಂದು ಬೈದ. "ಏ, ಹೆಣ್ಮಕ್ಕಳ ಜಾಗಾದಾಗ ಯಾಕ ಕುಂತೀಯೋ? ನಾಚಿಗಿ ಇಲ್ಲೇನ? ಏಳ ಮ್ಯಾಲ." ಅವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. ನನಗೆ ಒಳಗೊಳಗೇ ಸಂತೋಷವಾಯಿತು. ಅಂಥ ಮಗ ನಾನು.

ಈಗ ಕಿಸೆಯ ಮಾತು.

ಪೇಟೆಯಲ್ಲಿ ಹಮಾಲರಿಗೆ ಸಂಜೆಯ ಮುಟಗಿ ಅಂತ ಒಂದಿತ್ತು. ಮನೆಗೆ ಹೋಗುವಾಗ ಆ ದಿನ ಹೊತ್ತ ಕಾಳಿನಲ್ಲಿ ಎರಡು ಮುಟಗಿ, ಅಂದರೆ ಎರಡು ಹಿಡಿ, ಕಿಸೆಗೆ ಹಾಕಿಕೊಳ್ಳಬಹುದು. ಎರಡು ಅನ್ನುವುದು ಹೆಸರಿಗೆ. ಕಿಸೆ ಉಬ್ಬುವಷ್ಟು, ರುಮಾಲಿನ ಗಂಟು ಬಿಗಿಯುವಷ್ಟು. ಯಾರೂ ಕೇಳುತ್ತಿರಲಿಲ್ಲ. ನಾವು ಚೀಲ ಹೊರುವ ಅಡತಿಯ, ಅಂದರೆ ಕಾಳಿನ ದಲಾಲಿ ಅಂಗಡಿಯ, ಸಾವಕಾರ ನಿಜಗುಣಪ್ಪನೇ, "ಮುಟಗಿ ತೊಗೊಂಡ್ರೇನಪಾ?" ಎಂದು ನಗುತ್ತ ಕೇಳುತ್ತಿದ್ದ. ಅದು ಹಕ್ಕು.

ಅದೇ ಅಂಗಳದಲ್ಲಿ ಹದಿನೈದು ಹೆಂಗಸರು ಬೆಳಗಿನಿಂದ ಸಾಣಿಗೆ ಹಿಡಿದು ಕಾಳು ಹಸನು ಮಾಡುತ್ತಿದ್ದರು. ಧೂಳು ಕುಡಿದು ಕೆಮ್ಮುತ್ತಿದ್ದರು. ಸಂಜೆ ಅವರು ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕು. ಗುಮಾಸ್ತ ಜಟ್ಟೆಪ್ಪನ ಮುಂದೆ ಒಬ್ಬೊಬ್ಬರೇ ಉಡಿ ಬಿಚ್ಚಿ ಝಾಡಿಸಬೇಕು. ಉಡಿಯಿಂದ ಹತ್ತು ಕಾಳು ಬಿದ್ದರೂ ಅದು ಕಳವು. ಆ ಹೊತ್ತಿಗೆ ನಾವು ಹಮಾಲರು ಉಬ್ಬಿದ ಕಿಸೆ ಹೊತ್ತು ಅವರ ಪಕ್ಕದಿಂದಲೇ ಹೊರಗೆ ಹೋಗುತ್ತಿದ್ದೆವು.

ಎಂಟು ವರ್ಷ ನಾನು ಹಾಗೆ ಹೋದೆ. ತಲೆಯೆತ್ತಿಕೊಂಡು ಹೋದೆ.

ಆ ಮಂಗಳವಾರಕ್ಕೆ ಎಂಟು ದಿನ ಮೊದಲು ಕೃಷ್ಣವ್ವ ಉಡಿ ಝಾಡಿಸುತ್ತಿದ್ದಳು. ಗಂಡ ಸತ್ತು ಮೂರು ವರ್ಷ, ಆರು ವರ್ಷದ ಒಂದು ಮಗಳು. "ಇನ್ನೊಂದೀಟ ಬಗ್ಗಿ ಝಾಡಸ ಕೃಷ್ಣವ್ವ," ಅಂದ ಜಟ್ಟೆಪ್ಪ, "ಮ್ಯಾಲ ಎರಡ ಸೇರ ಕುಂತಂಗ ಕಾಣತಾವ." ಹಮಾಲರೆಲ್ಲ ನಕ್ಕರು. ನಾನೂ ನಕ್ಕೆ. ಜೋರಾಗಿಯೇ ನಕ್ಕೆ. ವಾಸೀಮ್ ನನ್ನ ಬೆನ್ನಿಗೆ ಹೊಡೆದು ನಕ್ಕ. ಆ ಹೊಡೆತ ಎಷ್ಟು ಹಿತವಾಗಿತ್ತು. ಕೃಷ್ಣವ್ವ ತಲೆ ಎತ್ತಿ ನೋಡಿದಳು. ಅಷ್ಟು ಗಂಡಸರಲ್ಲಿ ನನ್ನೊಬ್ಬನನ್ನೇ ನೋಡಿದಳು. ಯಾಕೆಂದು ನನಗೆ ತಿಳಿಯಲಿಲ್ಲ. ಆ ಸಂಜೆ ಮಾತ್ರ ನಾಚಿ, ತಲೆ ತಗ್ಗಿಸಿ ಹೊರಗೆ ಹೋದೆ.

ಆ ನಾಚಿಕೆಯೇ ನನ್ನಿಂದ ತಪ್ಪು ಮಾಡಿಸಿತು. ಮಂಗಳವಾರ ಕೆಲಸ ಬಿಡುವ ಮುಂಚೆ ನನ್ನ ಮುಟಗಿಯ ಕಡಲೆಯಲ್ಲಿ ಒಂದು ಹಿಡಿ ಒಯ್ದು ಕೃಷ್ಣವ್ವನ ಮುಂದೆ ಹಿಡಿದೆ.

"ಇದ್ಯಾಕ?"

"ನಿನ್ನ ಹುಡಿಗಿಗಿ. ಹುರದು ಕೊಡು."

"ನೀ ಒಯ್ದ್ರ ಹಕ್ಕ. ನನ್ನ ಉಡ್ಯಾಗ ಬಿದ್ರ ಕಳವು. ಗೊತ್ತಿಲ್ಲೇನ ನಿನಗ?"

"ಯಾರೂ ಏನೂ ಅನ್ನಂಗಿಲ್ಲ, ತೊಗೋ."

ಯಾರೂ ಏನೂ ಅನ್ನುವುದಿಲ್ಲವಂತೆ! ನೋಡಿ, ಎಂಥ ಮಾತು. ಎಂದೂ ಯಾರೂ ತಡವದ ಕಿಸೆಯವನು ಆಡುವ ಮಾತು. ಸುರೇಬಾನದಲ್ಲಿ ಹತ್ತೊಂಬತ್ತು ವರ್ಷ ಹೆಣ್ಣಿನ ಬಾಳು ಉಂಡವನು ನಾನು. ಎಂಟು ವರ್ಷದಲ್ಲಿ ಅಷ್ಟೂ ಮರೆತಿದ್ದೆ. ಅವಳು ಮಗಳನ್ನು ನೆನೆದಳೋ ಏನೋ, ತೆಗೆದುಕೊಂಡಳು.

ಬಾಗಿಲಲ್ಲಿ ಉಡಿ ಝಾಡಿಸಿದಾಗ ಕಡಲೆ ಟಪಟಪ ಬಿದ್ದವು.

"ಏನಿದು?" ಅಂದ ಜಟ್ಟೆಪ್ಪ.

"ಕೊಟ್ಟಾರ್ರಿ."

"ಯಾರ ಕೊಟ್ಟಾರ?"

ಅವಳು ಹೇಳಲಿಲ್ಲ. ಗಂಡ ಸತ್ತವಳು, ಒಬ್ಬ ಗಂಡಸಿನ ಹೆಸರು ಹೇಗೆ ಹೇಳಿಯಾಳು? ಗಾದಿಯ ಮೇಲೆ ಕುಳಿತಿದ್ದ ನಿಜಗುಣಪ್ಪ ಅಡಿಕೆ ಕತ್ತರಿಸುತ್ತಲೇ ಅಂದ, "ಹೆಸರ ಹೇಳವಾ. ಇಲ್ಲಂದ್ರ ಕಳವು. ನಾಳಿಂದ ಈ ಪ್ಯಾಟ್ಯಾಗ ಯಾವ ಅಂಗಡ್ಯಾಗೂ ನಿನಗ ಕೆಲಸ ಇಲ್ಲ."

"ಉಡ್ಯಾಗ ಇಷ್ಟ ಇದ್ರ ಕುಬಸದಾಗ ಎಷ್ಟ ಐತೋ ಸಾವಕಾರ್ರ," ಅಂದ ಜಟ್ಟೆಪ್ಪ. "ತಗೀ ಗುಂಡಿ."

ಕೈ ಚಾಚಿದ. ಕೃಷ್ಣವ್ವ ಎರಡೂ ಕೈ ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಗಂಡಸರು ನಿಂತು ನೋಡುತ್ತಿದ್ದರು. ಕೆಲವರು ಆಗಲೇ ನಗಲು ತಯಾರಾಗಿದ್ದರು. ನನ್ನ ಕೈ ತಾನಾಗಿ ನನ್ನ ಎದೆಯ ಪಟ್ಟಿಗೆ ಹೋಯಿತು. ಜಟ್ಟೆಪ್ಪನ ಕೈ ನನ್ನ ಕಡೆಗೇ ಬಂದಂತಿತ್ತು.

"ಆಕಿನ್ನ ಮುಟ್ಟಬ್ಯಾಡ!" ಅಂದೆ. "ನಾ ಕೊಟ್ಟೇನಿ."

ಹಮಾಲರೆಲ್ಲ ಗೊಳ್ಳೆಂದು ನಕ್ಕರು. ನಿಜಗುಣಪ್ಪನೂ ನಕ್ಕ. "ಓಹೋ ಕಲ್ಮೇಶಪ್ಪಾ! ಭಾರಿ ಗಂಡಸ ಬಿಡಪಾ ನೀ. ಹೋಗ್ಲಿ ಬಿಡೋ ಜಟ್ಟೆಪ್ಪ, ಪ್ರೀತಿಲೆ ಕೊಟ್ಟಾನ." ವಾಸೀಮ್ ಸಿಳ್ಳೆ ಹೊಡೆದ.

ಅಲ್ಲಿಗೆ ಮುಗಿಯಬಹುದಿತ್ತು. ನಾನು ಮೀಸೆ ಇಲ್ಲದ ತುಟಿ ಸವರಿ ನಕ್ಕಿದ್ದರೆ ಸಾಕಿತ್ತು. ನನ್ನ ಗಂಡಸುತನ ಎರಡು ಪಟ್ಟಾಗುತ್ತಿತ್ತು. ಅವಳು ನಾನು ಇಟ್ಟುಕೊಂಡವಳೆಂದು ನಾಳೆಯಿಂದ ಪೇಟೆಯೆಲ್ಲ ಮಾತಾಡುತ್ತಿತ್ತು. ಕೃಷ್ಣವ್ವ ಗೋಡೆಗೆ ಮುಖ ತಿರುಗಿಸಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲೆ, ನನ್ನ ಮೇಲೆ.

"ನಗಬ್ಯಾಡ್ರಿ. ಆಕಿಗೂ ನನಗೂ ಏನೂ ಇಲ್ಲ. ಇದು ನನ್ನ ಕಿಸೇದಾಗಿನ ಕಡ್ಲಿ. ನೋಡ್ರಿ." ಕಿಸೆ ಹೊರಗೆ ಎಳೆದೆ. ಉಳಿದ ಕಡಲೆ ನೆಲಕ್ಕೆ ಚೆಲ್ಲಿದವು. "ಈಗ ವಾಸೀಮನ ಕಿಸೆ ತಿರವ್ರಿ. ಚಮನಕಾಕಾನ ರುಮಾಲ ಬಿಚ್ಚಸ್ರಿ. ಹನ್ನೆರಡೂ ಮಂದೀದು ನೋಡ್ರಿ. ನಾವು ಒಯ್ಯೂದು ಹಕ್ಕ ಆದ್ರ ಇವರಿಗೂ ಹಕ್ಕ. ಇವರು ಕಳ್ರಾದ್ರ ನಾವೂ ಕಳ್ರು. ನಾಳಿಂದ ನಾವೂ ಬಾಗಲದಾಗ ಸಾಲ ಹಚ್ಚತೇವಿ. ಇಲ್ಲಾ, ಇವರ ಉಡೀ ಬಿಡ್ರಿ."

ಈಗ ನಗೆ ನಿಂತಿತು. ಹೆಂಗಸನ್ನು ಇಟ್ಟುಕೊಂಡರೆ ಅವರಿಗೆ ಅಡ್ಡಿಯಿರಲಿಲ್ಲ. ಕಿಸೆ ತೋರಿಸು ಅಂದದ್ದು ಅಡ್ಡಿ. ವಾಸೀಮ್ ಕಿಸೆಯ ಮೇಲೆ ಕೈ ಇಟ್ಟುಕೊಂಡ. ನಿಜಗುಣಪ್ಪ ಅಡಕತ್ತರಿ ಕೆಳಗಿಟ್ಟ.

"ಹೆಣ್ಮಕ್ಕಳ ಸಂಕಟ ನಿನಗ ತಿಳೀಲಿಲ್ಲಂದ್ರ ಇನ್ನ ಯಾರಿಗೆ ತಿಳೀಬೇಕ ಬಿಡ, ಕಲ್ಲವ್ವಾ."

ನಾನು ಸುತ್ತ ನೋಡಿದೆ. ಯಾರಾದರೂ ಬೆಚ್ಚಿ ಬೀಳುತ್ತಾರೆ, ಏನಂತೀರಿ ಸಾವಕಾರ್ರ ಅನ್ನುತ್ತಾರೆ ಅಂದುಕೊಂಡೆ. ಒಬ್ಬನೂ ಬೆಚ್ಚಲಿಲ್ಲ. ವಾಸೀಮ್ ನೆಲ ನೋಡುತ್ತಿದ್ದ. ಚಮನಕಾಕಾ ಗಡ್ಡ ಕೆರೆಯುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು! ನಾನು ಎಂಟು ವರ್ಷ ಬೇಸಿಗೆಯಲ್ಲಿ ಬೆಂದು, ಜ್ವರದಲ್ಲಿ ಗೆಳೆಯನನ್ನು ಬೈದು ಮುಚ್ಚಿಟ್ಟುಕೊಂಡದ್ದು ಇಡೀ ಪೇಟೆಗೆ ಗೊತ್ತಿತ್ತು. ಗೊತ್ತಿದ್ದೂ ಗಂಡಸಾಗಿ ಇಟ್ಟುಕೊಂಡಿದ್ದರು. ಚೀಲ ಹೊರುವ ತನಕ, ಅವರ ಜೊತೆ ನಗುವ ತನಕ.

"ನಿಮ್ಮಣ್ಣ ಸೋಮಪ್ಪ ಹುಡಿಕ್ಕೊಂಡ ಬಂದಾಗ ನಾನ ಹಿಂದಕ್ಕ ಕಳಿಸೇನಿ," ಅಂದ ನಿಜಗುಣಪ್ಪ. "ಅಂಥಾಕಿ ಇಲ್ಲಿಲ್ಲ ಅಂದೇನಿ. ಉಪಕಾರ ಮರೀಬ್ಯಾಡ. ನಾಳೆ ಮುಂಜಾನೆ ಬಂದು, ಆಕೀನ ಕದ್ದಳು, ನಾ ಸುಳ್ಳ ಹೇಳಿದ್ದೆ ಅಂತ ಎಲ್ಲಾರ ಮುಂದ ಹೇಳು. ಕಲ್ಮೇಶ ಆಗೇ ಇರು. ಇಲ್ಲಂದ್ರ ಸಾಣಿಗಿ ಹಿಡದ ಅವರ ಸಾಲಾಗ ಕುಂದ್ರು."

ಮರುದಿನ ಬೆಳಗಾಗುತ್ತಲೇ ಚಮನಕಾಕಾ ನನ್ನ ಕೋಣೆಯ ಬಾಗಿಲಿಗೆ ಬಂದರು. ಎಂಟು ವರ್ಷದಲ್ಲಿ ಮೊದಲ ಸಲ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಬೇಟಾ, ಒಂದ ಮಾತ ಹೇಳಿಬಿಡು. ಆಕಿದೇನ, ಸವದತ್ತಿಗೆ ಹೋಗಿ ಮತ್ತ ಎಲ್ಲ್ಯರೆ ಕೆಲಸಾ ಹಿಡೀತಾಳ. ನಿನಗ ಮತ್ತೊಂದ ಊರಾಗ ಇದನ್ನೆಲ್ಲಾ ಹೊಸದಾಗಿ ಮಾಡಾಕ ಆಗತೈತೇನ?"

"ನಿಮಗ ಯಾವಾಗ ಗೊತ್ತಾತ ಕಾಕಾ?"

"ಮದಲನೇ ದಿನ. ಚೀಲಾ ಹೊರಸೂವಾಗ ನಿನ್ನ ಎದಿ ಪಟ್ಟಿಗೆ ನನ್ನ ಕೈ ತಾಕತು."

"ಮತ್ತ ಹುಡುಗ ಗಟ್ಟಿ ಅದಾನ ಅಂದ್ರಿ?"

"ಗಟ್ಟಿ ಇದ್ದೆಲ್ಲ," ಅಂದರು. ಕಣ್ಣು ಒರೆಸಿಕೊಂಡರು. ಒಳ್ಳೆಯ ಮನುಷ್ಯ. ಆದರೂ ಆ ಒಳ್ಳೆಯ ಮನುಷ್ಯ ನಿನ್ನೆ ಸಂಜೆ ಗಡ್ಡ ಕೆರೆಯುತ್ತ ನಿಂತಿದ್ದ. ಅದನ್ನು ನಾನು ಮರೆಯುವುದಿಲ್ಲ.

"ಕಾಕಾ, ಆಕಿ ಕಳ್ಳಿ ಆದ್ರ ಅಷ್ಟ ನಾ ಗಂಡಸ ಅನ್ನೂದಾದ್ರ, ಆ ಗಂಡಸ್ತನ ನನಗ ಬ್ಯಾಡ. ನನಗ ನಂದ ಐತಿ."

ಅವರು ಎದ್ದು ಹೋದರು.

ಪೇಟೆಗೆ ಹೋದೆ. ಕೃಷ್ಣವ್ವ ಬಂದಿದ್ದಳು. ಸಾಣಿಗೆ ಕೈಯಲ್ಲಿತ್ತು, ಆಡುತ್ತಿರಲಿಲ್ಲ. ಅವಳ ಅನ್ನ ನನ್ನ ಬಾಯಿಮಾತಿನಲ್ಲಿತ್ತು. ಅದು ಅವಳಿಗೂ ಗೊತ್ತಿತ್ತು.

"ಏನ, ಹೇಳತೀಯೇನ?" ಅಂದ ನಿಜಗುಣಪ್ಪ.

"ನಿನ್ನೆ ಹೇಳೇನ್ರಿ. ಕಡ್ಲಿ ನಾ ಕೊಟ್ಟದ್ದು. ಯಾರ ಕೇಳಿದ್ರೂ ಅದನ್ನ ಹೇಳತೇನಿ."

"ಹಂಗಾರ ಸಾಣಿಗಿ ಹಿಡಿ."

"ಹಿಡಿಯಂಗಿಲ್ರಿ. ನಾ ಹಮಾಲ."

ಅವನು ಸಿಟ್ಟಾಗಲಿಲ್ಲ. ಕಾಲು ಚಾಚಿ ಲೋಡಿಗೆ ಒರಗಿದ. "ಹೊರ ಹಂಗಾರ. ನಿನಗ ಯಾರ ಹೊರಸ್ತಾರೋ ನಾನೂ ನೋಡತೇನಿ."

ಹಸನಾದ ಕಡಲೆಯ ಚೀಲಗಳು ಹೆಂಗಸರ ಪಕ್ಕದಲ್ಲಿ ನೆಲದ ಮೇಲೆ ಸಾಲಾಗಿ ಕೂತಿದ್ದವು. ಬಾಯಿ ಹೊಲಿದಿತ್ತು. ಬೆಳಗಾವಿಗೆ ಹೋಗುವ ಲಾರಿ ಹೊರಗೆ ನಿಂತಿತ್ತು. ನಾನು ಮೊದಲ ಚೀಲದ ಮುಂದೆ ಹೋಗಿ ಬಗ್ಗಿ ನಿಂತೆ. ಕೈ ಹಿಂದಕ್ಕೆ ಮಾಡಿದೆ. "ವಾಸೀಮ್, ಬಾರೋ," ಅಂದೆ.

ವಾಸೀಮ್ ಬರಲಿಲ್ಲ. ಪಕ್ಕದ ಚೀಲಕ್ಕೆ ಬೇರೆಯವನ ಜೊತೆ ಕೈ ಹಾಕಿದ. ಅವರ ಕಾಲುಗಳು ನನ್ನ ಕಣ್ಣ ಮುಂದೆ ಬಂದು ಹೋಗುತ್ತಿದ್ದವು. ಬಗ್ಗಿ ನಿಂತವನಿಗೆ ಕಾಲಷ್ಟೇ ಕಾಣುತ್ತವೆ. ಹರಿದ ಚಪ್ಪಲಿ, ಒಡೆದ ಹಿಮ್ಮಡಿ. ಎಲ್ಲ ಗುರುತಿನವೇ. ಒಂದೂ ನನ್ನ ಹತ್ತಿರ ನಿಲ್ಲಲಿಲ್ಲ. ಸೊಂಟ ಸೆಳೆಯತೊಡಗಿತು. ಕ್ವಿಂಟಲ್ ಹೊತ್ತಾಗ ಹೀಗೆ ನೋಯುತ್ತಿರಲಿಲ್ಲ. ಬೆವರು ಮೂಗಿನ ತುದಿಯಿಂದ ಹನಿಯುತ್ತಿತ್ತು. ಬಿಸಿಲು ನನ್ನ ಬೆನ್ನ ಮೇಲೆ ಬಂತು. ನಾನು ಏಳಲಿಲ್ಲ. ಎದ್ದರೆ ಎಲ್ಲಿ ಹೋಗಲಿ?

"ಏ ಯಪ್ಪಾ, ಯವ್ವಾ, ಏನರೆ ಆಗು," ಅಂದಳು ಹೆಂಗಸರಲ್ಲಿ ಹಿರಿಯಳಾದ ಗುರುಬಸವ್ವ. "ಬಂದು ನಮ್ಮ ಜೋಡಿ ಕುಂದ್ರು. ನಾವೇನ ತಿನ್ನೂದಿಲ್ಲ ನಿನ್ನ. ಕೆಲಸಾ ಎಲ್ಲಿದಾದ್ರೇನ?"

"ನಾ ಅಲ್ಲಿ ಕುಂದ್ರಂಗಿಲ್ಲಬೇ. ನಾ ಗಂಡಸು."

"ಹಾಳಾತು! ಗಂಡಸರು ನಮಗ ಸಾಕಾಗ್ಯಾರ."

ಹೆಂಗಸರು ನಕ್ಕರು. ನಾನು ಬಗ್ಗಿಯೇ ಇದ್ದೆ. ನನ್ನ ಪಾಲಿಗೆ ಆ ಅಂಗಳದಲ್ಲಿ ಯಾವ ಕಡೆಯೂ ಒಂದು ಮೊಳ ಜಾಗ ಇರಲಿಲ್ಲ. ಅಷ್ಟು ಒಂಟಿ ನಾನು ಗಿರಣಿಯ ಹಿಂದಿನ ಕೋಣೆಯಲ್ಲೂ ಆಗಿರಲಿಲ್ಲ.

ಆಮೇಲೆ ಎರಡು ಬರಿಗಾಲು ಬಂದು ನನ್ನ ಮುಂದೆ ನಿಂತವು. ಕಾಲುಂಗುರ ತೆಗೆದ ಬೆರಳು. ಕೃಷ್ಣವ್ವ.

"ಅವತ್ತ ನೀನೂ ನಕ್ಕಿ," ಅಂದಳು.

"ಹೂಂ."

"ನಾವ್ಯಾರೂ ಬಾಯಿ ಬಿಡದಿದ್ರೂ ನಿನ್ನ ಸುದ್ದಿ ನಮಗೆಲ್ಲಾ ಗೊತ್ತಿತ್ತು. ಮಂದಿ ನಕ್ರ ನಗಲಿ, ಇವ ನಗಾಂಗಿಲ್ಲ ಅಂದಿದ್ದೆ. ಯಾಕ ನಕ್ಕಿ?"

"ಅವರ ಪೈಕಿ ಆಗಾಕ."

"ಆದೇನ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಗುರುಬಸವ್ವಾ, ಬಾ ಇಲ್ಲಿ. ಆ ಕಿವಿ ಹಿಡಿ."

"ನಾವು ಚೀಲಾ ಎತ್ತೂದೇನಬೇ? ಹೆಣ್ಮಕ್ಕಳು?"

"ತುಂಬೂದು ನಾವು, ಹೊಲಿಯೂದು ನಾವು. ಎತ್ತಿದ್ರ ಏನಾಗತೈತಿ? ಹಿಡಿ."

ಇಬ್ಬರಿಂದ ಆಗಲಿಲ್ಲ. ಇನ್ನಿಬ್ಬರು ಎದ್ದು ಬಂದರು. ನಾಲ್ವರೂ ಉಸಿರು ಬಿಗಿಹಿಡಿದು ಎತ್ತಿದರು. ತೂಗಿ ಹಾಕುವುದು ಅವರಿಗೆ ಗೊತ್ತಿರಲಿಲ್ಲ. ಚೀಲ ಅಡ್ಡಾದಿಡ್ಡಿ ಬಿದ್ದು ಕುತ್ತಿಗೆ ಉಳುಕಿತು. ಸರಿಪಡಿಸಿಕೊಂಡೆ.

"ಇನ್ನೊಮ್ಮೆ ಅವರು ನಕ್ಕಾಗ ನಗಬ್ಯಾಡ," ಅಂದಳು ಕೃಷ್ಣವ್ವ. "ಈಗ ನಡಿ."

ನಡೆದೆ. ಎಲ್ಲರೂ ನೋಡುತ್ತಿದ್ದರು. ಲಾರಿಗೆ ಹಾಕಿ, ತಿರುಗಿ ಬಂದು ಮತ್ತೆ ಬಗ್ಗಿ ನಿಂತೆ. ಸಂಜೆಯ ತನಕ ಹತ್ತೊಂಬತ್ತು ಚೀಲ. ಬೇರೆ ದಿನ ಅರವತ್ತು ಹೊರುತ್ತಿದ್ದೆ. ಲಾರಿ ತುಂಬಬೇಕಾಗಿತ್ತು, ನಿಜಗುಣಪ್ಪ ಕಣ್ಣು ಕೆಂಪು ಮಾಡಿದನೇ ಹೊರತು ತಡೆಯಲಿಲ್ಲ.

ಕೆಲಸ ಬಿಟ್ಟಾಗ ಹೆಂಗಸರು ಬಾಗಿಲಲ್ಲಿ ಸಾಲು ನಿಂತರು. ನಾನು ಅವರಿಗಿಂತ ಮೊದಲು ಹೋಗಿ ಜಟ್ಟೆಪ್ಪನ ಮುಂದೆ ನಿಂತೆ.

"ಗಂಡಸರ ಕಿಸೆ ನೋಡೂದಿಲ್ಲೋ, ಹೋಗ," ಅಂದ ಅವನು, ರೂಢಿಯ ಮೇಲೆ. ಆಮೇಲೆ ನಾಲಿಗೆ ಕಚ್ಚಿಕೊಂಡ.

"ನೋಡು," ಅಂದೆ. ಎರಡೂ ಕಿಸೆ ಹೊರಗೆ ಎಳೆದೆ. ಒಂದು ಕಾಳೂ ಇರಲಿಲ್ಲ.

ಹಮಾಲರು ಎಂದಿನಂತೆ ಪಕ್ಕದಿಂದ ಹೊರಟರು. ಅವರ ಕಿಸೆಗಳು ಉಬ್ಬಿದ್ದವು. ಜಟ್ಟೆಪ್ಪ ಕೃಷ್ಣವ್ವನ ಕಡೆ ತಿರುಗಿ, "ಝಾಡಸ," ಅಂದ.

ಕೃಷ್ಣವ್ವ ಉಡಿಗೆ ಕೈ ಹಚ್ಚಲಿಲ್ಲ. "ಮದಲ ಅವರದು," ಅಂದಳು.

ವಾಸೀಮ್ ನಡೆಯುತ್ತಿದ್ದವನು ನಿಂತ. ಕಿಸೆಯ ಮೇಲೆ ಅವನ ಕೈ ಇತ್ತು. ಯಾರೂ ನಗಲಿಲ್ಲ. ಎಡಕ್ಕೆ ಗಂಡಸರು ನಿಂತಿದ್ದರು, ಬಲಕ್ಕೆ ಹೆಂಗಸರು. ನಡುವೆ ನಾನೊಬ್ಬನೇ ಇದ್ದೆ, ಎರಡೂ ಕಿಸೆ ಹೊರಗೆ ನೇತಾಡುತ್ತಿದ್ದವು. ಅವನ್ನು ನಾನು ಒಳಗೆ ಹಾಕಿಕೊಳ್ಳಲಿಲ್ಲ.